ಕಂಪ್ಯೂಟರ್ ಲ್ಯಾಬಿನ ಸ್ವಚ್ಛತೆ: ನಮ್ಮ ಮುಂಬಯಿ ಶಾಲೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಹಗಲು ಮಕ್ಕಳು ಬರುತ್ತಾರೆ. ರಾತ್ರಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ರಾತ್ರಿ ಶಾಲೆಯ ಹುಡುಗರು ಬರುತ್ತಾರೆ. ಯಂತ್ರಗಳು ಅವೇ, ಕೈಗಳು ಮಾತ್ರ ಬೇರೆ ಬೇರೆ. ಬಾಗಿಲಿಗೆ ಅಂಟಿಸಿದ ನಿಯಮಗಳನ್ನು ಓದಿ ಪೋಷಕರು, ಹೊಸ ಟೀಚರ್‌ಗಳು, ಕೆಲವೊಮ್ಮೆ ನಾಲ್ಕನೇ ಕ್ಲಾಸಿನ ಮಕ್ಕಳೂ "ಯಾಕೆ ಸರ್?" ಅನ್ನುತ್ತಾರೆ. ಕೇಳಲೇಬೇಕು. ಕಾರಣ ಗೊತ್ತಿಲ್ಲದ ನಿಯಮವನ್ನು ಮಕ್ಕಳು ನಾನು ಬೆನ್ನು ತಿರುಗಿಸುವ ತನಕ ಮಾತ್ರ ಪಾಲಿಸುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಚಪ್ಪಲಿ ಹೊರಗೆ ಯಾಕೆ ಬಿಡಬೇಕು? ಅದೇನು ದೇವಸ್ಥಾನವಾ?

ದೇವಸ್ಥಾನ ಅಲ್ಲ. ಇದು ಧೂಳಿನ ಲೆಕ್ಕ.

ಸಿಪಿಯು ಡಬ್ಬದೊಳಗೆ ಫ್ಯಾನ್ ಇರುತ್ತದೆ. ಅದು ಇಡೀ ದಿನ ಹೊರಗಿನ ಗಾಳಿ ಎಳೆದುಕೊಂಡು ಒಳಗಿನ ಬಿಸಿಯನ್ನು ಹಿಂದಿನಿಂದ ತಳ್ಳುತ್ತದೆ. ಗಾಳಿಯ ಜೊತೆ ನೆಲದ ಧೂಳೂ ಒಳಗೆ ಹೋಗುತ್ತದೆ. ಆದರೆ ಅಷ್ಟೂ ಹೊರಗೆ ಬರುವುದಿಲ್ಲ. ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪಾದ ಪ್ರೊಸೆಸರ್ ಮೇಲೆ ಹೀಟ್ ಸಿಂಕ್ ಅಂತ ಲೋಹದ ಪದರಗಳಿರುತ್ತವೆ, ಅವುಗಳ ಸಂದಿಯಲ್ಲಿ ಕೂರುತ್ತದೆ. ಮುಂಬಯಿಯಲ್ಲಿ ಯಾವ ಗಲ್ಲಿಗೆ ಹೋದರೂ ಒಂದು ಕಟ್ಟಡ ಒಡೆಯುತ್ತಿರುತ್ತಾರೆ, ಪಕ್ಕದಲ್ಲಿ ಇನ್ನೊಂದು ಏಳುತ್ತಿರುತ್ತದೆ. ಆ ಸಿಮೆಂಟಿನ ಪುಡಿ ಚಪ್ಪಲಿಯ ಅಡಿಯಲ್ಲೇ ಲ್ಯಾಬಿಗೆ ಬರುವುದು.

ಒಮ್ಮೆ ಕಿಟಕಿ ಪಕ್ಕದ ಯಂತ್ರ ದಿನಾ ಮಧ್ಯಾಹ್ನ ತಾನಾಗಿ ಬಂದ್ ಆಗುತ್ತಿತ್ತು. "ವೈರಸ್ ಬಂದಿದೆ ಸರ್" ಅಂತ ಮಕ್ಕಳು ತೀರ್ಪು ಕೊಟ್ಟರು. ಡಬ್ಬ ಬಿಚ್ಚಿದರೆ ಹೀಟ್ ಸಿಂಕೇ ಕಾಣಲಿಲ್ಲ. ಅದರ ಮೇಲೆ ಬೂದು ಬಣ್ಣದ ಒಂದು ಪದರ, ಹಳೇ ಕಂಬಳಿಯ ತುಂಡಿನ ಹಾಗೆ. ಬೆರಳಿಂದ ಎತ್ತಿದರೆ ಇಡಿಯಾಗಿ ಎದ್ದು ಬಂತು! ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸುತ್ತದೆ, ಅದಕ್ಕೂ ತಣ್ಣಗಾಗದಿದ್ದರೆ ಸುಟ್ಟುಹೋಗದಿರಲಿ ಅಂತ ಯಂತ್ರವೇ ಬಂದ್ ಆಗುತ್ತದೆ. ಧೂಳು ತೆಗೆದ ಮೇಲೆ "ವೈರಸ್" ಹೋಯಿತು.

ಬರಿಗಾಲಲ್ಲಿ ಕರೆಂಟ್ ಹೊಡೆಯುವುದಿಲ್ಲವೇ?

ಇದನ್ನು ಕೇಳಿದ ತಾಯಿಗೆ ನಾನು ಕೈ ಮುಗಿಯಬೇಕು. ಚಪ್ಪಲಿ ಬಿಡಿಸುವ ಎಷ್ಟೋ ಲ್ಯಾಬುಗಳು ಈ ಮಾತೇ ಯೋಚಿಸುವುದಿಲ್ಲ.

ಅರ್ಥಿಂಗ್ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವೈರಿಂಗ್) ಸರಿ ಇಲ್ಲದಿದ್ದರೆ ಲೋಹದ ಡಬ್ಬ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆ. ಒದ್ದೆ ನೆಲ, ಬರಿಗಾಲು ಎರಡೂ ಸೇರಿದರೆ ಅದು ಬರೀ ಜುಮ್‌ನಲ್ಲಿ ನಿಲ್ಲದೆಯೂ ಹೋಗಬಹುದು. ಹಾಗಾಗಿ ಚಪ್ಪಲಿ ಬಿಡಿಸುವ ಮೊದಲು ಶಾಲೆ ಮೂರು ಕೆಲಸ ಮಾಡಿರಬೇಕು. ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ನೋಡಿಸಬೇಕು. ಕೂರುವ ಜಾಗದ ಕೆಳಗೆ ರಬ್ಬರ್ ಮ್ಯಾಟ್ ಹಾಸಬೇಕು. ಬಾಗಿಲಲ್ಲಿ ಕಾಲು ಒರೆಸಲು ಒಣ ಗೋಣಿಯೋ ಕಾಲೊರಸೋ ಇಡಬೇಕು. ಇಷ್ಟು ಆಗಿಲ್ಲ ಅಂದರೆ ಮಕ್ಕಳು ಚಪ್ಪಲಿ ಹಾಕಿಕೊಂಡೇ ಕೂರಲಿ, ಧೂಳನ್ನು ಆಮೇಲೆ ನೋಡಿಕೊಳ್ಳೋಣ. "ಸರ್, ಕರೆಂಟ್ ಹೊಡೀತು" ಅಂತ ಮಗು ಹೇಳಿದರೆ ಆ ಯಂತ್ರದ ಸ್ವಿಚ್ಚನ್ನು ಗೋಡೆಯಲ್ಲೇ ಆಫ್ ಮಾಡುತ್ತೇವೆ. "ಏನೂ ಆಗಲ್ಲ ಕೂತ್ಕೋ" ಅನ್ನುವ ಹಾಗಿಲ್ಲ.

ಮಳೆಗಾಲಕ್ಕೆ ಬೇರೆ ನಿಯಮಗಳೇ?

ಹೌದು. ನನ್ನ ಕೇಳಿದರೆ ಮುಂಬಯಿ ಲ್ಯಾಬಿಗೆ ಧೂಳಿಗಿಂತ ದೊಡ್ಡ ಶತ್ರು ತೇವವೇ. ಕೊಡೆ, ರೇನ್‌ಕೋಟ್ ಕಾರಿಡಾರಿನಲ್ಲಿ. ಒದ್ದೆ ಬ್ಯಾಗ್ ಕ್ಲಾಸಿನಲ್ಲಿ. ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲು ಒರೆಸಿಕೊಂಡು ಬರಬೇಕು. ಇವೆಲ್ಲ ಕಣ್ಣಿಗೆ ಕಾಣುವ ನೀರಿನ ವಿಷಯ.

ಕಾಣದ ನೀರು ಗಾಳಿಯಲ್ಲಿದೆ. ನಮ್ಮ ಶಾಲೆಗಳ ರಜೆಯ ಲೆಕ್ಕ ನೋಡಿ. ಮೇ ತಿಂಗಳು ಪೂರ್ತಿ ಲ್ಯಾಬಿಗೆ ಬೀಗ. ಜೂನ್ ಮಧ್ಯದಲ್ಲಿ ಬಾಗಿಲು ತೆಗೆಯುವುದು. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಅಂದರೆ ತಿಂಗಳಿಗೂ ಮೇಲೆ ಸುಮ್ನೆ ಕೂತ ಯಂತ್ರಗಳನ್ನು ಸರಿಯಾಗಿ ತೇವ ಏರಿದ ವಾರದಲ್ಲೇ ಆನ್ ಮಾಡುತ್ತೇವೆ. ಮೊದಲ ದಿನ ನಾಲ್ಕೈದು ಯಂತ್ರ ಬೀಪ್ ಬೀಪ್ ಅಂತ ಕೂಗಿ ಕಪ್ಪು ಪರದೆ ತೋರಿಸುವುದು ಇದಕ್ಕೇ. ಸಾಮಾನ್ಯವಾಗಿ ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿಗೆ ಕಿಲುಬು ಕೂತಿರುತ್ತದೆ (ರ‍್ಯಾಮ್ ಅಂದರೆ ಯಂತ್ರದ ಮೆಮೊರಿಯ ಪಟ್ಟಿ). ಸಮುದ್ರದ ಉಪ್ಪು ಗಾಳಿ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಆ ಅಂಚನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದರೆ ಹೆಚ್ಚಿನವು ಎದ್ದು ಕೂರುತ್ತವೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರೂ ಇದ್ದಾರೆ. ಮೊದಲು ನಾನೂ ಉಜ್ಜುತ್ತಿದ್ದೆ. ಅದರ ಪುಡಿ ಸ್ಲಾಟಿನೊಳಗೆ ಬಿದ್ದು ಇನ್ನೊಂದು ತಲೆನೋವು ತಂದ ಮೇಲೆ ಬಿಟ್ಟೆ.

ಈಗ ರಜೆಯಲ್ಲೂ ವಾರಕ್ಕೊಮ್ಮೆ ಶಾಲೆಯ ಸಿಪಾಯಿಯವರು, ಅಂದರೆ ಪ್ಯೂನ್, ಬಂದು ಎಲ್ಲ ಯಂತ್ರಗಳನ್ನು ಒಂದು ಗಂಟೆ ಆನ್ ಮಾಡಿಡುತ್ತಾರೆ. ಯಂತ್ರ ಬೆಚ್ಚಗಾದರೆ ಒಳಗಿನ ತೇವ ಹೋಗುತ್ತದೆ. ಖರ್ಚು ಸ್ವಲ್ಪ ವಿದ್ಯುತ್, ಸ್ವಲ್ಪ ಚಹಾ.

ಇನ್ನೊಂದು ಮಾತು. ಡಬ್ಬಗಳನ್ನು ನೆಲದ ಮೇಲೆ ಇಡಬೇಡಿ, ಎಕ್ಸ್‌ಟೆನ್ಶನ್ ಬೋರ್ಡ್ ಕೂಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಕಂಡವರು ಈ ಊರಲ್ಲಿ ನೆಲಮಹಡಿಯಲ್ಲಿ ಲ್ಯಾಬ್ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

ತಿಂಡಿ ಡಬ್ಬಿ ಬ್ಯಾಗಿನಲ್ಲೇ ಇರುತ್ತದೆ, ತಿನ್ನುವುದಿಲ್ಲ. ತರಬಹುದಾ?

ಬೇಡ. ತಿನ್ನುವುದಿಲ್ಲ ಅಂತ ಮಗು ಹೇಳುತ್ತದೆ, ನಾನೂ ನಂಬುತ್ತೇನೆ. ಇಲಿ ನಂಬುವುದಿಲ್ಲ.

ವಡಾಪಾವ್‌ನ ಚೂರು ಬಿದ್ದರೆ ಮೊದಲು ಇರುವೆ, ಆಮೇಲೆ ಜಿರಲೆ. ಬೆಚ್ಚಗಿನ ಕತ್ತಲ ಜಾಗ ಜಿರಲೆಗೆ ಇಷ್ಟ, ಸಿಪಿಯು ಡಬ್ಬ ಅಂಥದ್ದೇ. ಇಲಿ ಬಂದರೆ ತಿಂಡಿ ಮುಗಿಸಿ ಸುಮ್ಮನೆ ಹೋಗುವುದಿಲ್ಲ, ಹಲ್ಲು ಸವೆಸಲು ವೈರ್ ಕಡಿಯುತ್ತದೆ. ಒಂದು ಸೋಮವಾರ ಬೆಳಿಗ್ಗೆ ಸಾಲಿನ ಆರು ಯಂತ್ರಗಳಿಗೆ ಇಂಟರ್ನೆಟ್ ಇಲ್ಲ. ಹುಡುಕುತ್ತಾ ಹೋದರೆ ಮೇಜಿನ ಹಿಂದೆ ಲ್ಯಾನ್ ಕೇಬಲ್ ನಾಲ್ಕು ಬೆರಳಿನಷ್ಟು ಉದ್ದ ಬೋಳಾಗಿತ್ತು. ಅದರ ಪಕ್ಕದಲ್ಲೇ ಅರ್ಧ ಪಾರ್ಲೆ-ಜಿ. ಅದು ಯಾರದ್ದು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ನೀರಿನ ಬಾಟಲಿ?

ಬಾಗಿಲ ಪಕ್ಕದ ಕಪಾಟಿನಲ್ಲಿ ಇಡಿ. ಬಾಯಾರಿದರೆ ಎದ್ದು ಹೋಗಿ ಕುಡಿಯಬಹುದು, ನನ್ನ ಅನುಮತಿ ಬೇಡ.

ಕೀಬೋರ್ಡ್ ಮೇಲೆ ನೀರೋ ಚಹಾವೋ ಚೆಲ್ಲಿದರೆ?

ಮೊದಲು ನನ್ನನ್ನು ಕೂಗಿ. ಬೈಯುವುದಿಲ್ಲ ಅಂತ ಇಲ್ಲೇ ಬರೆದು ಕೊಡುತ್ತಿದ್ದೇನೆ. ಬೈತಾರೆ ಅಂತ ಹೆದರಿ ಸುಮ್ಮನೆ ಕರ್ಚೀಫಿನಿಂದ ಒರೆಸಿ ಹೋದ ಮಕ್ಕಳಿಂದಲೇ ಜಾಸ್ತಿ ಕೀಬೋರ್ಡ್ ಹಾಳಾಗಿರುವುದು.

ಮೇಜಿನ ಮೇಲಿನ ಕೀಬೋರ್ಡ್ ಆದರೆ ಕೇಬಲ್ ಕಿತ್ತು ಕೂಡಲೇ ತಲೆಕೆಳಗೆ ಮಾಡಿ. ನೀರು ಬಂದ ದಾರಿಯಲ್ಲೇ ಇಳಿಯಲಿ. ಅಲ್ಲಾಡಿಸಬೇಡಿ, ಇನ್ನಷ್ಟು ಒಳಗೆ ಹೋಗುತ್ತದೆ. ಎರಡು ದಿನ ಫ್ಯಾನ್ ಕೆಳಗೆ ಬೋರಲು ಇಡಬೇಕು, ಮಳೆಗಾಲದಲ್ಲಿ ಮೂರು ದಿನ. ಬರೀ ನೀರಾಗಿದ್ದರೆ ಬದುಕುತ್ತದೆ. ಚಹಾ, ಕೋಲಾ ಆದರೆ ಕಷ್ಟ. ಸಕ್ಕರೆ ಒಣಗಿ ಅಂಟಾಗಿ ಕೀಲಿಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಲ್ಯಾಪ್‌ಟಾಪ್ ಆದರೆ ಕಥೆ ಬೇರೆ, ಅದರ ಕೀಲಿಗಳ ಕೆಳಗೇ ಮುಖ್ಯ ಸರ್ಕ್ಯೂಟ್, ಮದರ್‌ಬೋರ್ಡ್ ಇದೆ. ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿ, ಚಾರ್ಜರ್ ಕಿತ್ತು ರಿಪೇರಿಯವರ ಹತ್ತಿರ ಹೋಗಬೇಕು. "ಆನ್ ಆಗುತ್ತಾ ನೋಡೋಣ" ಅನ್ನುವ ಕುತೂಹಲ ದುಬಾರಿ.

ರಾತ್ರಿ ಶಾಲೆಯ ಹುಡುಗರು ಕೆಲಸದಿಂದ ನೇರ ಬರುತ್ತಾರೆ. ಅವರ ಕೈಯಿಂದ ಯಂತ್ರ ಕೊಳೆಯಾಗುವುದಿಲ್ಲವೇ?

ಈ ಪ್ರಶ್ನೆ ಕೇಳುವ ಧಾಟಿ ನನಗೆ ಅಷ್ಟು ಹಿಡಿಸುವುದಿಲ್ಲ, ಆದರೂ ಉತ್ತರ ಹೇಳುತ್ತೇನೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಇದ್ದದ್ದೇ ಇಂಥ ಹುಡುಗರಿಗಾಗಿ. ಹಗಲು ಲೋಟ ತೊಳೆದು, ರಾತ್ರಿ ಪುಸ್ತಕ ಹಿಡಿದವರು ಎಷ್ಟೋ ಮಂದಿ.

ಕೊಳೆ ಎಲ್ಲರ ಕೈಯಲ್ಲೂ ಇದೆ. ಚರ್ಮದ ಎಣ್ಣೆ, ಬೆವರು, ಧೂಳು ಮೂರೂ ಸೇರಿ ಕೀಲಿಗಳ ಮೇಲೆ ಕಂದು ಪದರವಾಗುತ್ತದೆ. ಯಾವುದಾದರೂ ಹಳೇ ಕೀಬೋರ್ಡ್ ನೋಡಿ, ಸ್ಪೇಸ್ ಬಾರ್‌ನಲ್ಲಿ ಹೆಬ್ಬೆರಳು ಕೂರುವ ಜಾಗ ಮಾತ್ರ ಮಿರಮಿರ ಮಿಂಚುತ್ತಿರುತ್ತದೆ. ಅದಕ್ಕೇ ಎರಡೂ ಪಾಳಿಗೂ ಒಂದೇ ನಿಯಮ. ಸೋಪಿನಲ್ಲಿ ಕೈ ತೊಳೆದು, ಪೂರ್ತಿ ಒರೆಸಿಕೊಂಡು ಒಳಗೆ.

ಒಬ್ಬ ಹುಡುಗ ಮೊದಲ ದಿನ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದ. ಯಾಕಪ್ಪಾ ಅಂದರೆ ಮೆಲ್ಲಗೆ ಬೆರಳು ತೋರಿಸಿದ. ಉಗುರಿನ ಸುತ್ತ ಹಳದಿ. ಬೆಳಿಗ್ಗೆಯಿಂದ ಆಲೂಗಡ್ಡೆ ಪಲ್ಯಕ್ಕೆ ಕೈ ಹಾಕಿದವನು. "ಮೂರು ಸಲ ತೊಳೆದೆ ಸರ್, ಹೋಗಲ್ಲ." ಅರಿಶಿನದ ಕಲೆ ಸೋಪಿಗೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕೀಬೋರ್ಡಿಗೆ ತೊಂದರೆ ಎಣ್ಣೆಯಿಂದ, ಬಣ್ಣದಿಂದಲ್ಲ. ಕೂರಿಸಿದೆ. ಅವನ ಕೈ ನನ್ನ ಕೈಗಿಂತ ಸ್ವಚ್ಛ ಇತ್ತು. ನಾನು ಆಗ ತಾನೇ ಶೇಂಗಾ ತಿಂದು ಬಂದಿದ್ದೆ.

ಸ್ಯಾನಿಟೈಸರ್ ಹಾಕಿಕೊಂಡರೆ ಸಾಲದೇ?

ಸಾಲದು. ಅದು ಕ್ರಿಮಿ ಕೊಲ್ಲುತ್ತದೆ, ಎಣ್ಣೆ ಜಿಡ್ಡು, ಮಣ್ಣು ಅಲ್ಲೇ ಉಳಿಯುತ್ತದೆ. ಹಾಕಿಕೊಂಡರೂ ಕೈ ಪೂರ್ತಿ ಒಣಗಿದ ಮೇಲೆಯೇ ಮೌಸ್ ಮುಟ್ಟಿ.

ಮಾನಿಟರ್ ಯಾವುದರಿಂದ ಒರೆಸಬೇಕು? ಮನೆಯಲ್ಲಿ ಕನ್ನಡಿಗೆ ಒದ್ದೆ ಪೇಪರ್ ಹಾಕುತ್ತೇವಲ್ಲ?

ಕನ್ನಡಿ ಗಾಜು. ಈಗಿನ ಎಲ್‌ಸಿಡಿ ಪರದೆಯ ಮೇಲ್ಪದರ ಹೆಚ್ಚಾಗಿ ಪ್ಲಾಸ್ಟಿಕ್. ಪೇಪರ್ ಉಜ್ಜಿದರೆ ಗೀರು ಬೀಳುತ್ತದೆ. ಅಮೋನಿಯಾ ಇರುವ, ಗಾಜು ಒರೆಸುವ ದ್ರಾವಣವೂ ಬೇಡ. ಅದು ಹೊಳಪು ತಡೆಯುವ ಲೇಪವನ್ನು ತಿನ್ನುತ್ತದೆ. ಮಾನಿಟರ್ ಆಫ್ ಮಾಡಿ. ಕಪ್ಪು ಪರದೆಯಲ್ಲಿ ಕಲೆ ಚೆನ್ನಾಗಿ ಕಾಣುತ್ತದೆ, ಅದೂ ಒಂದು ಲಾಭ. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಒರೆಸಿ. ನೀರನ್ನು ಬಟ್ಟೆಗೆ ಹಾಕಬೇಕು, ಪರದೆಗಲ್ಲ. ಪರದೆಗೆ ಚಿಮುಕಿಸಿದರೆ ಕೆಳಗಿನ ಅಂಚಿಗೆ ಇಳಿದು ಒಳಗೆ ಸೇರುತ್ತದೆ.

ಬೆರಳಚ್ಚು ಈಚೆಗೆ ಜಾಸ್ತಿಯಾಗಿದೆ. ಮೊಬೈಲ್ ನೋಡಿ ಬೆಳೆದ ಮಕ್ಕಳು ಮಾನಿಟರನ್ನೂ ಬೆರಳಿಂದ ಸರಿಸಿ ನೋಡುತ್ತಾರೆ. ಅದು ಅಲ್ಲಾಡದಿದ್ದರೆ ಇನ್ನೂ ಜೋರಾಗಿ ಒತ್ತುತ್ತಾರೆ!

ಕೀಬೋರ್ಡ್, ಮೌಸ್ ಒರೆಸುವುದು ಹೇಗೆ?

ಕೀಬೋರ್ಡ್ ಬೋರಲು ಹಿಡಿದು ಮೆಲ್ಲಗೆ ತಟ್ಟಿ. ಕೆಳಗೆ ಹಳೇ ಪೇಪರ್ ಹಾಸಿ, ಏನೇನು ಬೀಳುತ್ತದೆ ಅಂತ ಮಕ್ಕಳೇ ನೋಡಲಿ. ನಮ್ಮಲ್ಲಿ ಒಂದರಿಂದ ತಿನ್ನುವ ಸೇವ್, ಪೆನ್ಸಿಲ್ ಚೂರು, ಒಂದು ಹಾಲುಹಲ್ಲು ಬಿದ್ದಿದ್ದವು. ಆಮೇಲೆ ಸಣ್ಣ ಪೇಂಟ್ ಬ್ರಷ್‌ನಿಂದ ಸಂದಿ ಗುಡಿಸಿ. ಜಿಡ್ಡಿಗೆ ಅದೇ ಐಪಿಎಯನ್ನು ಹತ್ತಿಗೆ ಸ್ವಲ್ಪ ತಾಗಿಸಿ ಒರೆಸಿ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಅಂದರೆ ಸಾಕು, ತೆಗೆದು ಕೊಡುತ್ತಾರೆ. ಅದು ಬೆಂಕಿ ಹಿಡಿಯುವ ವಸ್ತು, ಬಾಟಲಿ ಟೀಚರ್ ಕಪಾಟಿನಲ್ಲಿ ಬೀಗದೊಳಗೆ ಇರಬೇಕು. ಮೌಸ್‌ನ ಅಡಿಯಲ್ಲಿ ಬೆಳಕು ಬರುವ ತೂತಿಗೆ ಕೂದಲು ಸಿಕ್ಕಿದರೆ ಬಾಣದ ಗುರುತು ಕುಣಿಯುತ್ತದೆ. ಅದನ್ನು ಒಣ ಹತ್ತಿಯ ಬಡ್‌ನಿಂದ ತೆಗೆದರೆ ಆಯಿತು.

ಸಿಪಿಯು ಡಬ್ಬ ಯಾರು ಬಿಚ್ಚಬೇಕು?

ನಾನು, ಇಲ್ಲವೇ ರಿಪೇರಿಯವರು. ಮಕ್ಕಳು ಪಕ್ಕದಲ್ಲಿ ನಿಂತು ನೋಡಬಹುದು, ನೋಡಲೇಬೇಕು. ಆರು ತಿಂಗಳಿಗೊಮ್ಮೆ ಡಬ್ಬವನ್ನು ಹೊರಗಿನ ಗ್ಯಾಲರಿಗೆ ಹೊತ್ತುಕೊಂಡು ಹೋಗಿ ಬ್ಲೋವರ್ ಹಿಡಿಯುತ್ತೇವೆ. ಒಳಗೇ ಊದಿದರೆ ಒಂದರ ಧೂಳು ಪಕ್ಕದ್ದಕ್ಕೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಬೇಕು. ಗಿರ್ರನೆ ತಿರುಗುವುದು ನೋಡಲು ಚೆಂದ, ಆದರೆ ಬೇರಿಂಗ್ ಹಾಳಾಗುತ್ತದೆ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ನಾನೂ ಬಿಚ್ಚುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ನನ್ನ ಮಗಳನ್ನು ಶಾಲೆಗೆ ಕಳಿಸುವುದು ಕಸ ಗುಡಿಸಲಿಕ್ಕಾ?

ಅಲ್ಲ. ನೆಲ ಗುಡಿಸುವುದು, ಒರೆಸುವುದು ಮಾವ್ಶಿಯವರ, ಅಂದರೆ ಶಾಲೆಯ ಆಯಾ, ಅವರ ಕೆಲಸ. ಅವರಿಗೆ ಅದಕ್ಕೆ ಸಂಬಳ ಇದೆ. ಮಕ್ಕಳು ಮಾಡುವುದು ಪಿರಿಯಡ್ ಮುಗಿಯುವ ಮೊದಲಿನ ಐದು ನಿಮಿಷದ ಕೆಲಸ. ತಾನು ಕೂತ ಮೇಜು ಒರೆಸುವುದು, ಮೌಸ್ ಜಾಗದಲ್ಲಿಡುವುದು, ಕುರ್ಚಿ ಒಳಗೆ ತಳ್ಳುವುದು. ಹುಡುಗ, ಹುಡುಗಿ ಅಂತ ಭೇದ ಇಲ್ಲ. ಹಿಂದೆ ಒಂದು ಶಾಲೆಯಲ್ಲಿ ಬಟ್ಟೆ ಹುಡುಗಿಯರ ಕೈಗೆ, ಸ್ಕ್ರೂಡ್ರೈವರ್ ಹುಡುಗರ ಕೈಗೆ ಕೊಡುವುದನ್ನು ನೋಡಿದ್ದೇನೆ. ಇಲ್ಲಿ ರೋಲ್ ನಂಬರ್ ಪ್ರಕಾರ.

ಮಾವ್ಶಿಯವರ ಜೊತೆ ನಮ್ಮದು ಒಂದೇ ಒಪ್ಪಂದ. ಒಣ ಪೊರಕೆ ಬೇಡ, ಗುಡಿಸಿದ ಧೂಳು ಎದ್ದು ನೇರ ಫ್ಯಾನಿಗೆ ಹೋಗುತ್ತದೆ. ಬೆಳಿಗ್ಗೆ ಯಂತ್ರ ಆನ್ ಆಗುವ ಮೊದಲು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ನೆಲ ಒಣಗಿದ ಮೇಲೆ ಮಕ್ಕಳು ಒಳಗೆ. ಬಕೆಟ್ ನೀರು ಸುರಿದು ತೊಳೆಯುವ ಹಾಗೇ ಇಲ್ಲ. ದೀಪಾವಳಿ ಆದರೂ.

ಸಂಜೆ ಪ್ಲಾಸ್ಟಿಕ್ ಕವರ್ ಹಾಕಬೇಕಾ?

ಬಂದ್ ಮಾಡಿದ ಕೂಡಲೇ ಬೇಡ. ಬಿಸಿ ಒಳಗೇ ಉಳಿಯುತ್ತದೆ, ಮಳೆಗಾಲದಲ್ಲಿ ಕವರಿನೊಳಗೆ ಬೆವರೂ ಕಟ್ಟುತ್ತದೆ. ಅರ್ಧ ಗಂಟೆ ಬಿಡಿ. ಪ್ಲಾಸ್ಟಿಕ್‌ಗಿಂತ ಹತ್ತಿ ಬಟ್ಟೆಯ ಕವರ್ ಒಳ್ಳೆಯದು. ನಮ್ಮವನ್ನು ಒಬ್ಬ ವಿದ್ಯಾರ್ಥಿಯ ತಾಯಿ ಹಳೇ ಬೆಡ್‌ಶೀಟಿನಿಂದ ಹೊಲಿದು ಕೊಟ್ಟರು. ಹೂವಿನ ಚಿತ್ತಾರ. ಲ್ಯಾಬ್ ಈಗ ಸ್ವಲ್ಪ ಮದುವೆ ಛತ್ರದ ಹಾಗೆ ಕಾಣುತ್ತದೆ.

ಎಸಿ ಹಾಕಿದರೆ ಸ್ವಚ್ಛತೆಯ ಚಿಂತೆ ಇಲ್ಲ ಅಲ್ವಾ?

ಅರ್ಧ ನಿಜ. ಕಿಟಕಿ ಮುಚ್ಚಿರುವುದರಿಂದ ಧೂಳು ಕಡಿಮೆ, ಗಾಳಿಯ ತೇವವನ್ನೂ ಎಸಿ ಎಳೆಯುತ್ತದೆ. ಆದರೆ ಅದರ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ ಹಾಕಬೇಕು. ಇಲ್ಲದಿದ್ದರೆ ಅದೇ ಧೂಳಿನ ಗೂಡು. 18 ಡಿಗ್ರಿಗೆ ಇಳಿಸುವುದೂ ಬೇಡ. 2020ರ ಜನವರಿಯಿಂದ ವಿದ್ಯುತ್ ಉಳಿತಾಯದ ಸ್ಟಾರ್ ಗುರುತಿನ ರೂಮ್ ಎಸಿಗಳು ಆನ್ ಮಾಡಿದಾಗ ಶುರುವಾಗುವುದೇ 24ಕ್ಕೆ, ಲ್ಯಾಬಿಗೂ ಅಷ್ಟು ಸಾಕು. ಜುಲೈಯಲ್ಲಿ ಎಸಿ ಲೋಕಲ್‌ನಿಂದ ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ಕನ್ನಡಕ ಮಂಜಾಗುತ್ತದಲ್ಲ? ಬಂದ್ ಆಗಿ ತಣ್ಣಗಾದ ಯಂತ್ರವಿರುವ ಕೋಣೆಯ ಕಿಟಕಿಯನ್ನು ಥಟ್ಟನೆ ತೆರೆದರೆ ಯಂತ್ರದೊಳಗೂ ಅದೇ ಆಗುತ್ತದೆ.

ಆಯುಧಪೂಜೆಗೆ ಕಂಪ್ಯೂಟರ್ ಪೂಜೆ ಮಾಡಬಾರದಾ?

ಮಾಡೋಣ. ನಾವು ಕನ್ನಡದವರು, ಮಿಕ್ಸಿಗೂ ಪೂಜೆ ಮಾಡುತ್ತೇವೆ, ಕಂಪ್ಯೂಟರ್ ಬಿಡುತ್ತೇವಾ? ಆದರೆ ಅರಿಶಿನ, ಕುಂಕುಮ ಮೇಜಿನ ಅಂಚಿಗೆ ಹಚ್ಚಿ. ಅಕ್ಷತೆ ಕೀಬೋರ್ಡಿಗೆ ಬೇಡ. ಸಂದಿಗೆ ಬಿದ್ದ ಅಕ್ಕಿಕಾಳನ್ನು ನಾನು ಸಂಕ್ರಾಂತಿ ತನಕ ಹುಡುಕಿದ್ದೇನೆ. ಹೂವು ಮಾನಿಟರ್ ಮೇಲೆ ಇಟ್ಟರೆ ಸಂಜೆಗೆ ತೆಗೆಯಿರಿ, ಬಾಡಿದ ಚೆಂಡುಹೂವಿಗೆ ಇರುವೆ ಬರುತ್ತದೆ. ಡಬ್ಬದ ಗಾಳಿ ಕಿಂಡಿಗೆ ಗಂಧ ಬಳಿಯಬೇಡಿ. ತೆಂಗಿನಕಾಯಿ ಅಂಗಳದಲ್ಲಿ, ಕರ್ಪೂರದಾರತಿ ಬಾಗಿಲ ಹೊರಗೆ.

ಹೆಡ್‌ಫೋನ್‌ನಿಂದ ಹೇನು ಹರಡುತ್ತದಾ?

ಹೇನು ಹರಡುವುದು ಮುಖ್ಯವಾಗಿ ತಲೆಗೆ ತಲೆ ತಾಗಿದಾಗ. ಒಂದೇ ಮಾನಿಟರ್ ಮುಂದೆ ಮೂವರು ತಲೆ ಕೂಡಿಸಿ ಕೂತದ್ದಕ್ಕೆ ಹೋಲಿಸಿದರೆ ಹೆಡ್‌ಫೋನಿನ ಪಾಲು ಕಡಿಮೆ. ಆದರೂ ಪ್ರತಿ ಪಿರಿಯಡ್ ನಂತರ ಕಿವಿಯ ಮೆತ್ತೆ ಒರೆಸುತ್ತೇವೆ. ಕಿವಿ ಸೋರುವ ಮಗು ಇದ್ದರೆ ಟೀಚರ್‌ಗೆ ಹೇಳಿ, ಬೇರೆ ಹೆಡ್‌ಫೋನ್ ಕೊಡುತ್ತೇವೆ, ಎಲ್ಲರ ಮುಂದೆ ಹೇಳುವುದಿಲ್ಲ.

ಹಾಳಾದ ಯಂತ್ರಗಳನ್ನು ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ಕೊಟ್ಟು ಜಾಗ ಮಾಡಬಹುದಲ್ಲ?

ಮೂಲೆಯಲ್ಲಿ ಪೇರಿಸಿಟ್ಟ ಹಳೇ ಮಾನಿಟರ್‌ಗಳು ಜಿರಲೆಯ ಕಾಲೊನಿ, ಒಪ್ಪುತ್ತೇನೆ. ಆದರೆ ಹಳೇ ಡಬ್ಬಾ ಮಾನಿಟರ್‌ನ ಗಾಜಿನಲ್ಲಿ ಸೀಸ ಇರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ರಿಸೈಕ್ಲರ್‌ಗೇ ಹೋಗಬೇಕು. ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಯವರಿಗೇ ಹಿಂದಿರುಗಿಸಿ.

ನಿಯಮ ಮುರಿದರೆ ದಂಡ ಎಷ್ಟು?

ದುಡ್ಡಿನ ದಂಡ ಇಲ್ಲ. ಪೇಂಟ್ ಬ್ರಷ್ ಕೈಗೆ ಕೊಡುತ್ತೇವೆ, ಒಂದು ಕೀಬೋರ್ಡ್ ಗುಡಿಸಬೇಕು. ಮೊದಮೊದಲು ಮಕ್ಕಳಿಗೆ ಇದು ಶಿಕ್ಷೆ ಅನ್ನಿಸುತ್ತಿತ್ತು. ಹಾಲುಹಲ್ಲು ಸಿಕ್ಕ ದಿನದಿಂದ ಐದನೇ ಕ್ಲಾಸಿನವರು ಬ್ರಷ್‌ಗೆ ಸಾಲು ನಿಲ್ಲುತ್ತಿದ್ದಾರೆ. ಬೇರೆ ಏನಾದರೂ ದಂಡ ಯೋಚಿಸಬೇಕು.